ಕೂದಲು ಉದುರುವುದಕ್ಕೆ ಎಣ್ಣೆ ಕೇಳುವ ಮೊದಲು

ಕೂದಲು ಉದುರುವುದು ಒಂದು ಕಾಯಿಲೆಯ ಹೆಸರಲ್ಲ. ಹೊಟ್ಟೆನೋವಿದ್ದ ಹಾಗೆ ಅದೊಂದು ಲಕ್ಷಣ, ಅದರ ಹಿಂದೆ ಹತ್ತಾರು ಕಾರಣ ಇರಬಹುದು. ಹೊಟ್ಟೆನೋವು ಅಂದರೆ ಎಲ್ಲಿ, ಯಾವಾಗಿನಿಂದ ಅಂತ ಎಲ್ಲರೂ ಕೇಳುತ್ತಾರೆ. ಕೂದಲಿನ ವಿಷಯಕ್ಕೆ ಬಂದರೆ ಯಾರೂ ಕೇಳುವುದಿಲ್ಲ. ನೇರವಾಗಿ ಎಣ್ಣೆ, ಶಾಂಪೂ, ಬಯೋಟಿನ್ (ಒಂದು ಬಗೆಯ ಬಿ ವಿಟಮಿನ್) ಮಾತ್ರೆ. ನಾನು ಮೆಡಿಕಲ್ ಶಾಪ್ ನಡೆಸುವವನು. "ಅಣ್ಣಾ, ಕೂದಲು ತುಂಬಾ ಉದುರ್ತಿದೆ, ಏನಾದ್ರೂ ಒಳ್ಳೇದು ಕೊಡಿ" ಅಂತ ದಿನಾ ಯಾರಾದರೊಬ್ಬರು ಬಂದೇ ಬರುತ್ತಾರೆ. ಕೊಟ್ಟು ದುಡ್ಡು ತಗೊಳ್ಳುವುದು ಸುಲಭ. ಆದರೆ ಯಾವ ಬಗೆಯ ಉದುರುವಿಕೆ ಅಂತ ಗೊತ್ತಾಗದೆ ಏನು ಕೊಟ್ಟರೂ ಅದು ಔಷಧಿಯಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮ ತಲೆಯಲ್ಲಿ ಸುಮಾರು 1 ಲಕ್ಷ ಕೂದಲಿರುತ್ತವೆ. ದಿನಕ್ಕೆ 50ರಿಂದ 100 ಉದುರುವುದು ಸಹಜ. ಪ್ರತಿ ಕೂದಲೂ ಕೆಲವು ವರ್ಷ ಬೆಳೆದು, ಸುಮಾರು 3 ತಿಂಗಳು ವಿಶ್ರಾಂತಿಯಲ್ಲಿದ್ದು ಆಮೇಲೆ ಉದುರುತ್ತದೆ. ಈ 3 ತಿಂಗಳ ಲೆಕ್ಕ ಗೊತ್ತಿಲ್ಲದೆ ಜನ ಎಷ್ಟು ಒದ್ದಾಡುತ್ತಾರೆ ಅಂದರೆ ಹೇಳತೀರದು.

ಡೆಂಗಿ, ಟೈಫಾಯ್ಡ್, ದೊಡ್ಡ ಆಪರೇಷನ್, ಹೆರಿಗೆ, ಊಟ ಬಿಟ್ಟು ಗಡಿಬಿಡಿಯಲ್ಲಿ ತೂಕ ಇಳಿಸುವುದು, ಇಂಥದ್ದೇನಾದರೂ ಆದಾಗ ದೇಹ ಬಹಳಷ್ಟು ಕೂದಲನ್ನು ಒಟ್ಟಿಗೇ ವಿಶ್ರಾಂತಿಗೆ ಕಳಿಸುತ್ತದೆ. ಎರಡು ಮೂರು ತಿಂಗಳ ನಂತರ ಅವೆಲ್ಲ ಒಟ್ಟಿಗೇ ಉದುರುತ್ತವೆ. ಅಷ್ಟರಲ್ಲಿ ಜ್ವರ ಬಂದು ಹೋಗಿದ್ದೇ ಮರೆತಿರುತ್ತದೆ. ಹೋದ ವಾರ ಬದಲಿಸಿದ ಶಾಂಪೂ ಮೇಲೆ ತಪ್ಪು ಹೊರಿಸುತ್ತಾರೆ. ಒಬ್ಬ ಬಾಣಂತಿ ಟಿಶ್ಯೂ ಪೇಪರಿನಲ್ಲಿ ಕೂದಲು ಸುತ್ತಿಕೊಂಡು ಬಂದು ತೋರಿಸಿದ್ದರು. "ನೋಡಿ ಅಣ್ಣ, ಬೇರು ಸಮೇತ ಕಿತ್ತು ಬರ್ತಿದೆ" ಅಂತ ಕಣ್ಣಲ್ಲಿ ನೀರು. ಪ್ರತಿ ಕೂದಲಿನ ತುದಿಯಲ್ಲೂ ಸಾಸಿವೆಗಿಂತ ಚಿಕ್ಕ ಬಿಳಿ ಗಂಟು. ಅದು ಬೇರಲ್ಲ. ವಿಶ್ರಾಂತಿ ಮುಗಿಸಿದ ಕೂದಲಿನ ಬುಡ ಹಾಗೇ ಇರುತ್ತದೆ. ಹೊಸ ಕೂದಲು ಹುಟ್ಟಿಸುವ ಬೇರು ಚರ್ಮದೊಳಗೆ ಸುರಕ್ಷಿತವಾಗಿ ಉಳಿದಿರುತ್ತದೆ. ಬಸಿರಿನಲ್ಲಿ ಹಾರ್ಮೋನು ಕೂದಲನ್ನು ಉದುರದಂತೆ ಹಿಡಿದಿಟ್ಟಿರುತ್ತದೆ, ಹೆರಿಗೆ ಆದ ಮೇಲೆ ಅದು ಇಳಿಯುತ್ತದೆ. ಮಗುವಿನ ಮೊದಲ ಹುಟ್ಟುಹಬ್ಬದ ಹೊತ್ತಿಗೆ ಬಹಳಷ್ಟು ಜನಕ್ಕೆ ಮೊದಲಿನ ಹಾಗೇ ಆಗುತ್ತದೆ. ಜೊತೆಗೆ ತುಂಬಾ ಸುಸ್ತು ಇದ್ದರೆ ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದಂಶ), ಥೈರಾಯ್ಡ್ ನೋಡಿಸಬೇಕು. ಅದು ಬಿಟ್ಟರೆ ಇಲ್ಲಿ ಮುಖ್ಯ ಔಷಧಿ ಊಟ ಮತ್ತು ಸಮಯ.

ಗಂಡುಮಕ್ಕಳ ಕಥೆ ಬೇರೆ. "ಬೆಂಗಳೂರಿಗೆ ಬಂದ ಮೇಲೆ ನೀರಿಂದ ಕೂದಲು ಹೋಯ್ತು" ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಬೋರ್‌ವೆಲ್ಲಿನ ಗಡಸು ನೀರಿಗೆ ಕೂದಲು ಒರಟಾಗುತ್ತದೆ, ತುಂಡಾಗಲೂಬಹುದು. ಆದರೆ ಹಣೆಯ ಎರಡೂ ಮೂಲೆ ಹಿಂದೆ ಸರಿದು, ನೆತ್ತಿ ತೆಳುವಾಗಿ, ಕಿವಿಯ ಮೇಲಿನ ಮತ್ತು ಹಿಂಬದಿಯ ಕೂದಲು ಮಾತ್ರ ಗಟ್ಟಿಯಾಗಿ ಉಳಿದಿದ್ದರೆ ಅದು ನೀರಿನ ಕೆಲಸ ಅಲ್ಲ. ತಲೆಗೆ ಸುರಿದ ನೀರು ಹಿಂದಲೆಯನ್ನು ಬಿಟ್ಟು ಹರಿಯಲ್ಲ ಅಲ್ವಾ? ಇದು ವಂಶದಿಂದ ಬರುವುದು, ತಾಯಿ ಕಡೆಯಿಂದಲೂ ಬರಬಹುದು, ತಂದೆ ಕಡೆಯಿಂದಲೂ ಬರಬಹುದು. ಡಿಎಚ್‌ಟಿ ಅನ್ನುವ ಹಾರ್ಮೋನಿಗೆ ಅಲ್ಲಿನ ಕೂದಲ ಬುಡ ವರ್ಷದಿಂದ ವರ್ಷಕ್ಕೆ ಕುಗ್ಗುತ್ತದೆ. ಇದು ಹೆಚ್ಚಾಗಿ ಶುರುವಾಗುವುದು ಇಪ್ಪತ್ತರ ಆಸುಪಾಸಿನಲ್ಲಿ. ಹುಡುಗರು ಓದಿಗೆ, ಕೆಲಸಕ್ಕೆ ಊರು ಬಿಟ್ಟು ಬರುವುದೂ ಅದೇ ವಯಸ್ಸಿನಲ್ಲಿ. ಹಾಗಾಗಿ ನೀರಿಗೆ ಕೆಟ್ಟ ಹೆಸರು. ಹೆಂಗಸರಲ್ಲಿ ಇದೇ ತೊಂದರೆ ಬೇರೆ ರೀತಿ ಕಾಣುತ್ತದೆ: ಮುಂದಿನ ಸಾಲು ಹಾಗೇ ಇದ್ದು ಬೈತಲೆ ಅಗಲವಾಗುತ್ತಾ ಹೋಗುತ್ತದೆ. ಮುಟ್ಟು ಏರುಪೇರಾಗಿದ್ದರೆ ಪಿಸಿಒಎಸ್ ಅನ್ನುವ ಹಾರ್ಮೋನಿನ ತೊಂದರೆ ಇದೆಯಾ ಅಂತಲೂ ನೋಡಬೇಕು.

ವಂಶದಿಂದ ಬರುವ ಈ ಉದುರುವಿಕೆಗೆ ಔಷಧಿ ಖಂಡಿತ ಇದೆ. ಮಿನಾಕ್ಸಿಡಿಲ್ ಮೊದಲು ಬಿಪಿ ಮಾತ್ರೆಯಾಗಿತ್ತು, ತಗೊಂಡವರಿಗೆ ಮೈಮೇಲೆ ಕೂದಲು ಬೆಳೆದಿದ್ದರಿಂದ ತಲೆಗೆ ಹಚ್ಚುವ ಔಷಧಿಯಾಯಿತು. ಆದರೆ ಹಚ್ಚಿದ ಮೊದಲ ವಾರಗಳಲ್ಲಿ ಉದುರುವುದು ಇನ್ನೂ ಜಾಸ್ತಿ ಆಗಬಹುದು. ಹಳೆಯ ಕೂದಲು ಜಾಗ ಬಿಟ್ಟು ಹೊಸದು ಬರುವ ಹಂತ ಅದು. ಯಾರೂ ಇದನ್ನು ಮೊದಲೇ ಹೇಳಿರುವುದಿಲ್ಲ, ಹೆದರಿ ಅರ್ಧ ಬಾಟಲಿಗೇ ನಿಲ್ಲಿಸಿಬಿಡುತ್ತಾರೆ. ಫಲ ಕಾಣಲು 4ರಿಂದ 6 ತಿಂಗಳು ಬೇಕು, ಬಿಟ್ಟರೆ ಬಂದದ್ದೂ ಹೋಗುತ್ತದೆ. ಫಿನಾಸ್ಟರೈಡ್ ಮಾತ್ರೆಯನ್ನಂತೂ ಡಾಕ್ಟರ ಚೀಟಿ ಇಲ್ಲದೆ ನಾನು ಕೊಡುವುದಿಲ್ಲ, ಯಾರೂ ಕೊಡಬಾರದು. ಕೆಲವರಿಗೆ ಲೈಂಗಿಕ ತೊಂದರೆ ಆಗುತ್ತದೆ, ಮನಸ್ಸು ಕುಗ್ಗುತ್ತದೆ. ಪುಡಿಯಾದ ಮಾತ್ರೆಯನ್ನು ಬಸುರಿಯರು ಮುಟ್ಟಲೂಬಾರದು, ಹೊಟ್ಟೆಯಲ್ಲಿರುವ ಗಂಡುಮಗುವಿನ ಬೆಳವಣಿಗೆಗೆ ಅಪಾಯ.

ನನಗೆ ತೀರಾ ಬೇಜಾರಾಗುವುದು ಮಕ್ಕಳ ವಿಷಯದಲ್ಲಿ. ಒಬ್ಬ ತಾಯಿ ಮಗನ ತಲೆಯ ಫೋಟೋ ತೋರಿಸಿ, "ಹುಳ ತಿಂದಿದೆ" ಅಂದರು. ಬೆಳ್ಳುಳ್ಳಿ ಅರೆದು ತಿಕ್ಕಿ ಚರ್ಮ ಕೆಂಪಾಗಿತ್ತು. ಅದರ ಮೇಲೆ ಪಕ್ಕದ ಮನೆಯವರು ಕೊಟ್ಟ ಸ್ಟೆರಾಯ್ಡ್ ಇರುವ ಕ್ರೀಮು. ಫೋಟೋ ದೊಡ್ಡದು ಮಾಡಿ ನೋಡಿದರೆ ಮೇಲೆಲ್ಲ ಹೊಟ್ಟು, ನಡುವೆ ಬುಡದಲ್ಲೇ ತುಂಡಾದ ಕೂದಲು ಕಪ್ಪು ಚುಕ್ಕೆಗಳ ಹಾಗೆ. ಕೂಡಲೇ ಸ್ಕಿನ್ ಡಾಕ್ಟರ ಹತ್ತಿರ ಕಳಿಸಿದೆ. ಪರೀಕ್ಷೆ ಮಾಡಿದಾಗ ಅದು ಫಂಗಸ್. ಅದು ಕೂದಲಿನ ಬುಡಕ್ಕೇ ಇಳಿದಿರುತ್ತದೆ, ಬರೀ ಮುಲಾಮಿಗೆ ಹೋಗಲ್ಲ. ವಾರಗಟ್ಟಲೆ ಮಾತ್ರೆ ತಗೊಳ್ಳಬೇಕು. ಸ್ಟೆರಾಯ್ಡ್ ಹಚ್ಚಿದರೆ ಇನ್ನಷ್ಟು ಹರಡುತ್ತದೆ. ಬಾಚಣಿಗೆ, ಟೋಪಿಯಿಂದ ಇನ್ನೊಂದು ಮಗುವಿಗೂ ಅಂಟುತ್ತದೆ.

ಹಾಗಲ್ಲದೆ ನಾಣ್ಯದಗಲ ಕೂದಲು ಹೋಗಿ, ಚರ್ಮ ಕೆನ್ನೆಯಷ್ಟು ನುಣುಪಾಗಿದ್ದರೆ ಸಾಮಾನ್ಯವಾಗಿ ಅಲೋಪೇಶಿಯಾ ಏರಿಯೇಟಾ. ದೇಹದ ರಕ್ಷಣಾ ವ್ಯವಸ್ಥೆಯೇ ಕೂದಲ ಬುಡದ ಮೇಲೆ ತಿರುಗಿಬೀಳುವ ಕಾಯಿಲೆ. ಇಲ್ಲಿ ಹುಳವೂ ಇಲ್ಲ, ಅಂಟುವುದೂ ಇಲ್ಲ. ಇದಕ್ಕೆ ಡಾಕ್ಟರು ಅದೇ ಸ್ಟೆರಾಯ್ಡನ್ನು ಇಂಜೆಕ್ಷನ್ ಆಗಿ ಆ ಜಾಗಕ್ಕೇ ಕೊಡುತ್ತಾರೆ. ಒಂದಕ್ಕೆ ಔಷಧಿಯಾದದ್ದು ಇನ್ನೊಂದಕ್ಕೆ ವಿಷ. ಅದಕ್ಕೇ ಹೇಳುವುದು, ನೋಡದೆ ಕೊಡಬಾರದು ಅಂತ.

ಕೆಲವು ಬಗೆಯಲ್ಲಿ ಕೂದಲ ಬುಡವೇ ಸತ್ತು ಆ ಜಾಗದಲ್ಲಿ ಕಲೆ ಉಳಿಯುತ್ತದೆ. ತಲೆ ಉರಿ, ನೋವು ಇದ್ದು, ಚರ್ಮದ ಮೇಲಿನ ರಂಧ್ರಗಳು ಮಾಯವಾಗುತ್ತಿದ್ದರೆ ಒಂದು ದಿನವೂ ಕಾಯಬೇಡಿ. ಹೋದ ಬುಡ ವಾಪಸ್ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬಹುದು ಅಷ್ಟೇ. ಇಲ್ಲಿ ಬಯಾಪ್ಸಿ, ಅಂದರೆ ಚರ್ಮದ ಚೂರು ತೆಗೆದು ಮಾಡುವ ಪರೀಕ್ಷೆ, ಬೇಕಾಗಬಹುದು.

ಇನ್ನು ಮಾತ್ರೆ, ಗಮ್ಮಿಗಳು. ದೊಡ್ಡವರಿಗೆ ದಿನಕ್ಕೆ ಸುಮಾರು 30 ಮೈಕ್ರೋಗ್ರಾಂ ಬಯೋಟಿನ್ ಸಾಕು, ಊಟದಲ್ಲೇ ಸಿಗುತ್ತದೆ. ಕೂದಲಿನ ಮಾತ್ರೆಗಳಲ್ಲಿ 10 ಮಿಲಿಗ್ರಾಂವರೆಗೂ ಇರುತ್ತದೆ, ಅಂದರೆ 300 ಪಟ್ಟಿಗೂ ಜಾಸ್ತಿ. ಕೊರತೆ ಇಲ್ಲದವರಿಗೆ ಅದರಿಂದ ಲಾಭ ಅಂತ ಒಳ್ಳೆಯ ಪುರಾವೆ ಇಲ್ಲ. ಮೇಲಾಗಿ ಅದು ಕೆಲವು ರಕ್ತಪರೀಕ್ಷೆಗಳನ್ನೇ ತಪ್ಪಾಗಿಸಬಹುದು. ಥೈರಾಯ್ಡ್ ಸರಿಯಿದ್ದವರಿಗೂ ಜಾಸ್ತಿ ಇದೆ ಅಂತ ರಿಪೋರ್ಟ್ ಬರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಸಿದೆ. 2025ರ ಜನವರಿಯಲ್ಲಿ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಹಳ್ಳಿಗಳಲ್ಲಿ ಕೆಲವೇ ದಿನಗಳಲ್ಲಿ ಜನರ ತಲೆ ಬೋಳಾದಾಗ ಎಲ್ಲರೂ ನೀರನ್ನೇ ಅನುಮಾನಿಸಿದರು. ಆಮೇಲೆ ಅವರ ರಕ್ತದಲ್ಲಿ ಸೆಲೆನಿಯಂ ಅನ್ನುವ ಖನಿಜದ ಪ್ರಮಾಣ ತುಂಬಾ ಜಾಸ್ತಿ ಇರುವುದು ಕಂಡುಬಂತು. ಅದೇ ಸೆಲೆನಿಯಂ ಕೆಲವು ಕೂದಲಿನ ಮಾತ್ರೆಗಳಲ್ಲೂ ಇರುತ್ತದೆ. ಸ್ವಲ್ಪ ಬೇಕು, ಮಿತಿ ಮೀರಿದರೆ ಅದೇ ಕೂದಲು ಉದುರಿಸುತ್ತದೆ.

ಡಾಕ್ಟರ ಹತ್ತಿರ ಹೋಗುವ ದಿನ ತಲೆಗೆ ಎಣ್ಣೆ, ಹೇರ್ ಡೈ ಹಚ್ಚಿಕೊಳ್ಳಬೇಡಿ. ಕೂದಲು ಬಿಗಿದು ಕಟ್ಟಬೇಡಿ. ಕಳೆದ 6 ತಿಂಗಳಲ್ಲಿ ಬಂದ ಜ್ವರ, ತಗೊಂಡ ಮಾತ್ರೆ, ಡಯೆಟ್ಟು, ಮುಟ್ಟಿನ ವಿಷಯ ಎಲ್ಲ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಒಂದು ವರ್ಷದ ಹಿಂದಿನ ಫೋಟೋ ಮೊಬೈಲಿನಲ್ಲಿ ಇರಲಿ. ಅವರು ಮೊದಲು ಒಂದು ಹಿಡಿ ಕೂದಲು ಮೆಲ್ಲಗೆ ಎಳೆದು ಎಷ್ಟು ಬರುತ್ತದೆ ಅಂತ ನೋಡುತ್ತಾರೆ, ಆಮೇಲೆ ಬೆಳಕಿರುವ ಭೂತಗನ್ನಡಿ ಇಟ್ಟು ಬುಡ ನೋಡುತ್ತಾರೆ. ಖಾಸಗಿಯವರ ಫೀಸು ಜಾಸ್ತಿ ಅನ್ನಿಸಿದರೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ. ತಲೆ ಮುಟ್ಟಿ ನೋಡದೆ ಯಾರಾದರೂ ಮೊದಲ ಮಾತಿಗೇ ಪ್ಯಾಕೇಜ್ ಬೆಲೆ ಹೇಳಿದರೆ, ಅಲ್ಲಿಂದ ಎದ್ದು ಬನ್ನಿ.