ದೀಪದ ಹೆಂಗಸೂ ದೊಡ್ಡಮಾವನ ಗೋಡೆಯೂ

ಕೆಲವರು ಹಳೇ ನಾಣ್ಯ ಕೂಡಿಡುತ್ತಾರೆ, ಕೆಲವರು ಮದುವೆ ಮನೆಯಲ್ಲಿ ಕೊಟ್ಟ ಸ್ಟೀಲ್ ಡಬ್ಬಿ. ನಾನು ಚಿತ್ರ ಕೂಡಿಡುತ್ತೇನೆ, ಫೋನಿನಲ್ಲಿ. ಕಪಾಟು ಬೇಡ, ಧೂಳು ಹೊಡೆಯುವ ಕೆಲಸವಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ ತನ್ನ ಲಕ್ಷಗಟ್ಟಲೆ ಚಿತ್ರಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಿ ಅಂತ ಬಿಟ್ಟುಕೊಟ್ಟಿತು. ಬಿಟ್ಟಿ ಸಿಕ್ಕರೆ ನಾವು ಸುಮ್ನೆ ಇರ್ತೀವಾ? ಈಗ ನನ್ನ ಫೋನಿನಲ್ಲಿ ಆಧಾರ್ ಕಾರ್ಡಿನ ಫೋಟೊ ಹುಡುಕಬೇಕಾದರೆ ಹತ್ತಾರು ಜಪಾನೀ ಸುಂದರಿಯರನ್ನು ದಾಟಿ ಹೋಗಬೇಕು. ಬ್ಯಾಂಕಿನ ಕೌಂಟರಿನ ಮುಂದೆ ನಿಂತು ಹಾಗೆ ದಾಟುವಾಗ ಹಿಂದಿನವರು ಕತ್ತು ಚಾಚುತ್ತಾರೆ.

ತೊಂದರೆ ಶುರುವಾಗುವುದು ಹಂಚುವಾಗ. ಒಬ್ಬನೇ ನೋಡಿದರೆ ಸಮಾಧಾನವಿಲ್ಲ, 'ಎಂಥಾ ಚಿತ್ರ ಅಲ್ವಾ' ಅನ್ನಲು ಇನ್ನೊಬ್ಬರು ಬೇಕು. ನನಗಿರುವುದು ಫ್ಯಾಮಿಲಿ ಗ್ರೂಪು.

ಜಪಾನಿನ ಕಲಾವಿದ ಹೊಕುಸಾಯಿಯ ದೊಡ್ಡ ಅಲೆ ಕಳಿಸಿದೆ. 1831ರ ಸುಮಾರಿನ ಮರದಚ್ಚಿನ ಚಿತ್ರ. ನೊರೆ ಉಗುರು ಚಾಚಿ ನಿಂತಿದೆ, ದೋಣಿಗಳಲ್ಲಿ ಜನ ತಲೆ ತಗ್ಗಿಸಿ ಕೂತಿದ್ದಾರೆ, ಫುಜಿ ಬೆಟ್ಟವೇ ಅಲೆಯ ಕೆಳಗೆ ಪುಟ್ಟದಾಗಿ ಕಾಣುತ್ತದೆ. ಹೊನ್ನಾವರದ ಚಿಕ್ಕಮ್ಮ ತಕ್ಷಣ ಫೋನ್ ಮಾಡಿದರು. "ಕಡಲು ಉಕ್ತದಂತೇನೋ? ಯಾವ ಚಾನೆಲ್ಲಲ್ಲಿ ಬಂತು?" ಅವರನ್ನು ಸಮಾಧಾನ ಮಾಡುವಷ್ಟರಲ್ಲಿ ಅದೇ ಅಲೆ ಬೇರೆ ಗ್ರೂಪಿನಿಂದ 'ಕರಾವಳಿಯವರಿಗೆಲ್ಲ ತಿಳಿಸಿ' ಅನ್ನುವ ಒಕ್ಕಣೆ ಹೊತ್ತು ನನಗೇ ವಾಪಸ್ ಬಂತು.

ಮೈಸೂರಿನ ಟಿ.ಎಸ್. ಸತ್ಯನ್ ಅವರ ಕಪ್ಪು-ಬಿಳುಪು ಫೋಟೊಗಳಿಗೂ ಇದೇ ಗತಿ. ಅವರು ತೆಗೆದ ಮಕ್ಕಳ ಫೋಟೊಗಳು 1979ರಲ್ಲಿ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನ ಕಂಡಿದ್ದವು. ನಮ್ಮ ಗ್ರೂಪಿನಲ್ಲಿ ಬಂದ ಪ್ರಶ್ನೆ, "ಈ ಮಗು ಯಾರ ಮನೇದು? ಮೂಗು ನಮ್ಮ ಕಡೇದೇ." ಅಕ್ಕನ ಮಗ ಅದನ್ನು ಯಾವುದೋ ಆ್ಯಪಿಗೆ ಹಾಕಿ ಬಣ್ಣ ಬಳಿದು, "ಮಾಮಾ, ಸರಿ ಮಾಡಿದ್ದೀನಿ ನೋಡಿ" ಅಂದ.

ನಿಜವಾದ ಜಗಳ ಆಗಿದ್ದು ದೀಪದ ಹೆಂಗಸಿನಿಂದ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿದೆಯಲ್ಲ, ಆ ಚಿತ್ರ. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಅಡ್ಡ. ಬೆರಳ ಅಂಚು ಕೆಂಪಗೆ ಹೊಳೆಯುತ್ತದೆ, ಸಂದಿಯಿಂದ ಸೋರಿದ ಬೆಳಕು ಮುಖಕ್ಕೆ ಬಿದ್ದಿದೆ. ಇದು ಜಲವರ್ಣ ಅಂದರೆ ನಂಬೋಕೆ ಆಗಲ್ಲ. ಕೆಳಗೆ 'ಎಸ್.ಎಲ್. ಹಲ್ದಂಕರ್, 1945-46' ಅಂತ ಬರೆದೆ. ದೊಡ್ಡಮಾವ ಎದ್ದು ಕೂತರು.

"ರವಿವರ್ಮಂದು ಕಣೋ ಅದು. ಸ್ಕೂಲ್ ಟೂರಲ್ಲಿ ನಮ್ಮ ಮೇಷ್ಟ್ರೇ ಹೇಳಿದ್ರು."

"ರವಿವರ್ಮ 1906ರಲ್ಲೇ ತೀರಿಕೊಂಡಿದ್ದಾರೆ, ಮಾವ."

"ಮೊದಲೇ ಬರೆದಿಟ್ಟಿರ್ತಾನೆ."

"ಚಿತ್ರಕ್ಕೆ ನಿಂತಿದ್ದು ಹಲ್ದಂಕರ್ ಮಗಳು ಗೀತಾ. 2018ರ ತನಕ ಇದ್ದರು, 102 ವರ್ಷ."

"ನೋಡು, 102! ರವಿವರ್ಮನ ಕಾಲದೋಳೇ ಆದಳಲ್ಲ."

ಈ ಲೆಕ್ಕಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಮಾವನನ್ನು ಅಂದೂ ಪ್ರಯೋಜನವಿಲ್ಲ ಬಿಡಿ. 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಹಾಕಿ ಲಕ್ಷ್ಮಿ, ಸರಸ್ವತಿಯರನ್ನು ಮನೆಮನೆಗೆ ಮುಟ್ಟಿಸಿದ ಮನುಷ್ಯ ರವಿವರ್ಮ. ಅಲ್ಲಿಂದ ಮುಂದೆ ಚೌಕಟ್ಟಿನೊಳಗೆ ಯಾರೇ ಸೀರೆ ಉಟ್ಟು ನಿಂತರೂ ಅದು ಅವರ ಖಾತೆಗೇ ಜಮಾ.

ಇತ್ತ ತುಮಕೂರಿನ ಅತ್ತೆ, "ಅಂಚು ಚೆನ್ನಾಗಿದೆ, ಮೈಸೂರು ಸಿಲ್ಕಾ? ಎಷ್ಟಂತೆ?" ಅಂತ ಕೇಳಿದರು. ಇನ್ಯಾರೋ ಆ ಹೆಂಗಸಿನ ಹಣೆಯ ಮೇಲೆ ಎರಡು ಗುಲಾಬಿ, 'ಶುಭ ಶುಕ್ರವಾರ' ಅಂಟಿಸಿ ಮರಳಿ ಗ್ರೂಪಿಗೇ ಹಾಕಿದರು.

ರಾತ್ರಿ ಮಾವ ಸಾಕ್ಷಿ ಕಳಿಸಿದರು. ಅವರ ಮನೆಯ ಹಾಲ್‌ನಲ್ಲಿ ಕಟ್ಟು ಹಾಕಿಸಿದ ಅದೇ ಚಿತ್ರದ ಫೋಟೊ. ಗಾಜಿನ ಮೇಲೆ ಟ್ಯೂಬ್‌ಲೈಟಿನ ಬಿಳೀ ಪಟ್ಟಿ, ಅದರ ಪಕ್ಕ ಫೋನ್ ಹಿಡಿದು ನಿಂತ ಮಾವನ ಬನಿಯನ್ನು. ಅಡಿಯಲ್ಲಿ ಅಚ್ಚಾಗಿತ್ತು, 'ರಾಜಾ ರವಿವರ್ಮ'. "ಈಗೇನಂತೀಯಾ?"

ನಾನು ಏನಾದರೂ ಅನ್ನುವ ಮೊದಲೇ ತುಮಕೂರಿನ ಅತ್ತೆ ಫೋಟೊ ದೊಡ್ಡದು ಮಾಡಿ ನೋಡಿದ್ದರು. "ಅಣ್ಣಾ, ಫ್ರೇಮಿನ ಎಡಕ್ಕೆ ಗೋಡೆ ನೆಂದಿದೆಯಲ್ಲೋ! ಬಚ್ಚಲ ಪೈಪ್ ಸೋರ್ತಿರಬೇಕು."

ಗ್ರೂಪು ತುಂಬಿ ಹರಿಯಿತು. ಒಬ್ಬರು ವಾಟರ್‌ಪ್ರೂಫಿಂಗ್ ಅಂದರು, ಇನ್ನೊಬ್ಬರು ಟೈಲ್ಸ್ ಒಡೆಯಲೇಬೇಕು ಅಂದರು. ಕಡೆಗೆ ಭಾವ ಒಬ್ಬ ಪ್ಲಂಬರಿನ ನಂಬರ್ ಹಾಕಿದರು. ಹೊಕುಸಾಯಿ, ಸತ್ಯನ್, ಹಲ್ದಂಕರ್ ಮೂವರಿಗೂ ಸೇರಿ ಬಾರದಷ್ಟು ಹೆಬ್ಬೆರಳು ಅದಕ್ಕೆ ಬಿತ್ತು.