ರಾಜಕೀಯ ತಿಳಿದ ಮೇಲೂ ಯೋಜನೆ ಬದಲಾಗದಿದ್ದರೆ

ವಿದೇಶಿ ನೆರವಿನ ಜಗತ್ತಿನಲ್ಲಿ ರಾಜಕೀಯ ವಿಶ್ಲೇಷಣೆಗೆ ಬರವಿಲ್ಲ. 2000ದ ದಶಕದ ಆರಂಭದಲ್ಲೇ ಬ್ರಿಟನ್ನಿನ ಆಗಿನ ನೆರವು ಇಲಾಖೆ ಡಿಎಫ್‌ಐಡಿ ಹಲವು ದೇಶಗಳ ಬಗ್ಗೆ 'ಡ್ರೈವರ್ಸ್ ಆಫ್ ಚೇಂಜ್' (ಬದಲಾವಣೆ ತರುವ ಶಕ್ತಿಗಳು) ಅನ್ನೋ ಅಧ್ಯಯನ ಮಾಡಿಸತೊಡಗಿತು. ಸ್ವೀಡನ್, ನೆದರ್ಲೆಂಡ್ಸ್, ವಿಶ್ವಬ್ಯಾಂಕ್ ಕೂಡ ತಮ್ಮ ತಮ್ಮ ವಿಧಾನ ರೂಪಿಸಿಕೊಂಡವು. ಅಧಿಕಾರ ನಿಜಕ್ಕೂ ಯಾರ ಕೈಯಲ್ಲಿದೆ, ಸುಧಾರಣೆ ಬಂದರೆ ಯಾರ ಆದಾಯಕ್ಕೆ ಕಲ್ಲು ಬೀಳುತ್ತೆ ಅನ್ನೋದನ್ನ ಇಂಥ ವರದಿಗಳು ಚೆನ್ನಾಗಿಯೇ ಹೇಳುತ್ತವೆ. ಯೋಜನೆಗಳು ಮಾತ್ರ ಬಹುಪಾಲು ಹಾಗೇ ಸಾಗುತ್ತವೆ.

ಯಾಕೆ ಅಂದರೆ, ವಿಶ್ಲೇಷಣೆ ಬರೆಯೋರು ಹೊರಗಿನ ಸಲಹೆಗಾರರು, ಹಣ ಖರ್ಚು ಮಾಡೋರು ಬೇರೆಯವರು. ವರದಿ ಕೈಸೇರುವಷ್ಟರಲ್ಲಿ ಬಜೆಟ್, ಗುರಿ, ಗುತ್ತಿಗೆ ಎಲ್ಲಕ್ಕೂ ಸಹಿ ಬಿದ್ದಿರುತ್ತೆ. 'ಸಚಿವಾಲಯಕ್ಕೆ ಈ ಸುಧಾರಣೆ ಬೇಕಿಲ್ಲ' ಅಂತ ಓದಿಕೊಂಡ ಅಧಿಕಾರಿ ಆಮೇಲೆ ಮಾಡೋದಾದರೂ ಏನು?

ಫಿಲಿಪ್ಪೀನ್ಸ್‌ನ ಭೂಮಿ ಹಕ್ಕುಪತ್ರದ ಕತೆ ನನಗೆ ಇಲ್ಲಿ ತುಂಬ ಮುಖ್ಯ. ಭೂಮಿಗೆ ಸಂಬಂಧಿಸಿದ ಇಲಾಖೆಗಳನ್ನೆಲ್ಲ ಒಂದುಗೂಡಿಸುವ ದೊಡ್ಡ ಮಸೂದೆಯ ಹಿಂದೆ ನೆರವು ಕೊಡುವ ವಿದೇಶಿ ಸಂಸ್ಥೆಗಳು ವರ್ಷಗಟ್ಟಲೆ ಬಿದ್ದಿದ್ದವು. ಅದು ಸಂಸತ್ತಿನಲ್ಲೇ ಉಳಿಯಿತು. ಏಷ್ಯಾ ಫೌಂಡೇಶನ್ ಅನ್ನೋ ಅಮೆರಿಕ ಮೂಲದ ಸರ್ಕಾರೇತರ ಸಂಸ್ಥೆಯ ಬೆಂಬಲದಿಂದ ಕೆಲಸ ಮಾಡುತ್ತಿದ್ದ ಸ್ಥಳೀಯ ಸುಧಾರಕರ ಸಣ್ಣ ಗುಂಪು ಬೇರೆ ಪ್ರಶ್ನೆ ಕೇಳಿತು: ಎಷ್ಟು ಬದಲಾವಣೆ ಪಾಸಾಗಬಲ್ಲದು, ಆದರೂ ಜನಕ್ಕೆ ನಿಜವಾದ ಲಾಭ ಕೊಡಬಲ್ಲದು? ಉತ್ತರ ಮನೆ ನಿವೇಶನಗಳಿಗಷ್ಟೇ ಸೀಮಿತವಾದ ಒಂದು ಕಾನೂನು. 2010ರ ಮಾರ್ಚ್‌ನಲ್ಲಿ ಅದಕ್ಕೆ ಅಧ್ಯಕ್ಷರ ಸಹಿ ಬಿತ್ತು. ಹಕ್ಕುಪತ್ರ ಕೇಳೋಕೆ 30 ವರ್ಷದ ಬದಲು 10 ವರ್ಷ ಅನುಭೋಗದಲ್ಲಿದ್ದರೆ ಸಾಕು, ಕೋರ್ಟಿಗೆ ಅಲೆಯದೆ ಸರ್ಕಾರಿ ಕಚೇರಿಯಲ್ಲೇ ಪಡೆಯಬಹುದು. ಇಲ್ಲಿ ವಿಶ್ಲೇಷಣೆ ಮಾಡಿದವರೂ ಕೆಲಸ ಮಾಡಿದವರೂ ಒಬ್ಬರೇ. ದಾರಿ ಮುಚ್ಚಿದೆ ಅಂತ ಗೊತ್ತಾದಾಗ ಗುರಿಯನ್ನೇ ಬದಲಿಸುವ ಸ್ವಾತಂತ್ರ್ಯ ಅವರಿಗಿತ್ತು.

ಹೊರಗಿನ ಹಣ ಬೇರೆ ದೇಶದ ರಾಜಕೀಯಕ್ಕೆ ಕೈ ಹಾಕಬಹುದೇ ಅನ್ನೋ ಆಕ್ಷೇಪ ನ್ಯಾಯವಾದದ್ದೇ. ವಿಶ್ವಬ್ಯಾಂಕಿನ ಸ್ಥಾಪನಾ ಒಪ್ಪಂದವೇ ರಾಜಕೀಯ ಹಸ್ತಕ್ಷೇಪ ಬೇಡ ಅನ್ನುತ್ತೆ. ಆದರೆ ರಾಜಕೀಯ ನೋಡದೆ ಸುರಿದ ಹಣವೂ ಅಲ್ಲಿ ಯಾರದೋ ಬಲ ಹೆಚ್ಚಿಸುತ್ತೆ. ಅದಕ್ಕೇ ಗುರಿ ಆರಿಸೋದು, ಮುಂದಾಳತ್ವ ವಹಿಸೋದು ಆ ದೇಶದವರೇ ಆಗಬೇಕು.

ನೆರವು ಸಂಸ್ಥೆಗಳಲ್ಲಿ ನಾನು ಬಯಸೋದು ಇನ್ನೊಂದು ದಪ್ಪ ವರದಿಯನ್ನಲ್ಲ. ಮೂರು ತಿಂಗಳಿಗೊಮ್ಮೆ ತಂಡ ಕೂತು, ಯಾರು ಜೊತೆಗಿದ್ದಾರೆ, ಯಾರು ಹಿಂದೆ ಸರಿದರು, ನಮ್ಮ ಲೆಕ್ಕ ಎಲ್ಲಿ ತಪ್ಪಿತು ಅಂತ ಮಾತಾಡಲಿ. ಆ ಮಾತಿನ ಮೇಲೆ ಹಣವನ್ನು ಒಂದು ಬಾಬತ್ತಿನಿಂದ ಇನ್ನೊಂದಕ್ಕೆ ವರ್ಗಾಯಿಸುವ ಅಧಿಕಾರ ಅದೇ ಕೋಣೆಯಲ್ಲಿರಲಿ. ವಿದೇಶಿ ಅಧಿಕಾರಿಗಳು ಕೆಲವೇ ವರ್ಷಗಳಲ್ಲಿ ವರ್ಗವಾಗಿ ಹೋಗುತ್ತಾರೆ, ಸ್ಥಳೀಯ ಸಿಬ್ಬಂದಿ ಉಳಿಯುತ್ತಾರೆ. ಸಭೆಯಲ್ಲಿ ಮೊದಲ ಮಾತು ಅವರದಾಗಲಿ.