ಪಡುವಣದ ಗಾಜು ನಮ್ಮೂರಿಗೆ ಆಗಿಬರಲ್ಲ

ವಾಸ್ತುಶಿಲ್ಪ ಕಾಲೇಜಿನ ಮಕ್ಕಳಿಗೆ ಕಟ್ಟಡವೇ ಮೊದಲ ಮೇಷ್ಟ್ರು ಅಂತ ಕಾಲೇಜು ಕಟ್ಟಡಗಳ ಬಗೆಗಿನ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ಒಪ್ಪಿದೆ. ಆದರೆ ಹಾಕಿರೋ ಫೋಟೋಗಳಲ್ಲಿ ಮುಕ್ಕಾಲು ಪಾಲು ಗಾಜೇ ಗಾಜು! 1956ರಲ್ಲಿ ಮುಗಿದ ಶಿಕಾಗೋದ ವಾಸ್ತುಶಿಲ್ಪ ಕಾಲೇಜಿನ ಕಟ್ಟಡ ಕ್ರೌನ್ ಹಾಲ್, ನಡುವೆ ಒಂದೂ ಕಂಬವಿಲ್ಲದ ಗಾಜಿನ ಹಜಾರ, ಚೆಂದವೇ. ಅದನ್ನೇ ದಾವಣಗೆರೆಗೆ ತಂದಿಟ್ಟರೆ ಏಪ್ರಿಲ್‌ನಲ್ಲಿ ಒಳಗೆ ಕೂರೋರು ಯಾರು?

ನಮ್ಮ ಹುಡುಗ ಓದಿದ ಕಾಲೇಜಿನ ಸ್ಟುಡಿಯೋಗೆ ಪಡುವಣ ಗೋಡೆ ಪೂರ್ತಿ ಗಾಜು. ಮೂರು ಗಂಟೆಯಾದರೆ ಡ್ರಾಯಿಂಗ್ ಶೀಟ್ ಮೇಲೆ ಕಣ್ಣು ಕುಕ್ಕೋ ಬಿಸಿಲು, ಮಾಡೆಲ್‌ಗೆ ಹಚ್ಚಿದ ಅಂಟೇ ಬಿಟ್ಟುಕೊಳ್ಳೋದು. ಕೊನೆಗೆ ಹುಡುಗರೇ ಹಳೇ ಪೇಪರ್ ಅಂಟಿಸಿ ಕೂತರು. (ಆ ವರ್ಷದ ಒಳ್ಳೇ ಡಿಸೈನ್ ಅದೇ ಇರಬೇಕು.)

ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರನ್ನು ನೀವು ಬಿಟ್ಟಿದ್ದು ಯಾಕೋ ತಿಳಿಯಲಿಲ್ಲ. 2018ರಲ್ಲಿ ವಾಸ್ತುಶಿಲ್ಪದ ದೊಡ್ಡ ಪ್ರಶಸ್ತಿ ಪ್ರಿಟ್ಜ್‌ಕರ್ ಪಡೆದ ಮೊದಲ ಭಾರತೀಯ ಅವರು. 1960ರ ದಶಕದಲ್ಲಿ ಅಹಮದಾಬಾದಿನಲ್ಲಿ ಅವರು ಕಟ್ಟಿದ ವಾಸ್ತುಶಿಲ್ಪ ಶಾಲೆಯಲ್ಲಿ ಇಟ್ಟಿಗೆ ಗೋಡೆ, ಉತ್ತರದಿಂದ ಇಳಿಯುವ ಮೆತ್ತನೆ ಬೆಳಕು, ಕಟ್ಟಡದ ಅಡಿಯಲ್ಲೇ ನೆರಳಿನ ಬಯಲು. ಅಲ್ಲಿಯೂ ಬಿಸಿಲು ನಮಗಿಂತ ಕಡಿಮೆಯೇನಲ್ಲ.

ಇನ್ನು ನಮ್ಮಲ್ಲೇ ನೋಡಿ. ಸಂತೇಬೆನ್ನೂರಿನ ಪುಷ್ಕರಣಿಯಲ್ಲಿ ಮಂಟಪವನ್ನು ನೀರಿನ ನಡುವೆಯೇ ನಿಲ್ಲಿಸಿದ್ದಾರೆ. ಚಿತ್ರದುರ್ಗದ ಕೋಟೆಯಲ್ಲಿ ಮೇಲಿನ ಹೊಂಡ ತುಂಬಿದರೆ ನೀರು ಕೆಳಗಿನ ಹೊಂಡಕ್ಕೆ ಹರಿಯುತ್ತೆ, ಪಂಪೂ ಇಲ್ಲ ಕರೆಂಟೂ ಇಲ್ಲ. ಹೊಸ ಕ್ಯಾಂಪಸ್‌ನಲ್ಲಿ ತಾರಸಿ ನೀರನ್ನು ಹೀಗೆ ಒಂದರ ಕೆಳಗೊಂದು ತೊಟ್ಟಿಗೆ ಇಳಿಸಿದರೆ, ಮಕ್ಕಳು ಜಲಸಂಗ್ರಹದ ಪಾಠವನ್ನು ಮೆಟ್ಟಿಲ ಮೇಲೆ ಕೂತೇ ಕಲೀಬಹುದು. ಮುಂದಿನ ಕಂತಿನಲ್ಲಿ ಇದನ್ನೂ ಸ್ವಲ್ಪ ಬರೀರಿ ಸರ್.